ರಟ್ಟೆ, ಮೇಲ್ಬೆನ್ನಿಗೆ ಬಲ ಬರೋದು ಹೇಗೆ? ದಾವಣಗೆರೆ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ನಿಟ್ಟುವಳ್ಳಿ): ಸರ್, ಗರಡಿಯಲ್ಲಿ ದಿನಾ 100 ದಂಡ ಹೊಡೀತೀನಿ. ಎದೆ, ರಟ್ಟೆ ಪರವಾಗಿಲ್ಲ, ಆದ್ರೆ ಭುಜ ಮುಂದಕ್ಕೆ ಬಾಗಿದಂಗೆ ಕಾಣುತ್ತೆ. ಪುಲ್‌ಅಪ್ (ಬಾರ್ ಹಿಡಿದು ಮೈ ಮೇಲೆತ್ತೋದು) ಒಂದೂ ಆಗಲ್ಲ. ಮನೇಲಿ 5 ಕೆ.ಜಿ. ಡಂಬೆಲ್ ಜೋಡಿ ಮಾತ್ರ ಇದೆ.

ಉತ್ತರ (ಫಿಸಿಯೋಥೆರಪಿಸ್ಟ್): ದಂಡ ಅಂದ್ರೆ ನೂಕೋ ಕೆಲಸ. ಎದೆ, ಭುಜದ ಮುಂಭಾಗ, ರಟ್ಟೆ ಹಿಂದಿನ ಟ್ರೈಸೆಪ್ಸ್ ದುಡಿಯುತ್ತೆ, ಬೆನ್ನು ಹೆಚ್ಚಾಗಿ ನೋಡ್ತಾ ಇರುತ್ತೆ. ಗರಡಿಯಲ್ಲಿ ಎಳೆಯೋ ಕೆಲಸಕ್ಕೆ ಹಗ್ಗ ಹತ್ತೋದು ಇದೆ. ಬಹಳ ಜನ ಅದನ್ನ ಬಿಟ್ಟು ದಂಡ, ಬಸ್ಕಿ ಲೆಕ್ಕ ಮಾತ್ರ ಏರಿಸ್ತಾರೆ. ನೀವು ದಂಡ 50ಕ್ಕೆ ಇಳಿಸಿ, ಉಳಿದ ಹೊತ್ತು ಎಳೆಯೋದಕ್ಕೆ ಕೊಡಿ.

ಮೊದಲು ಒಂದು ಕೈಯ ರೋ, ಅಂದ್ರೆ ಬಾಗಿ ನಿಂತು ತೂಕವನ್ನ ಮೈ ಕಡೆ ಎಳೆಯೋದು. ಎಡಗೈ, ಎಡ ಮಂಡಿ ಗಟ್ಟಿ ಬೆಂಚಿನ ಮೇಲೆ, ಬಲಗಾಲು ನೆಲದಲ್ಲಿ, ಬಲಗೈಯಲ್ಲಿ ಡಂಬೆಲ್, ಬೆನ್ನು ನೇರ. ತೂಕ ಎತ್ತೋದು ಅಂತ ಯೋಚಿಸಬೇಡಿ, ಮೊಣಕೈಯನ್ನ ಪ್ಯಾಂಟಿನ ಜೇಬಿನ ಕಡೆ ಎಳೀತಿದೀನಿ ಅಂತ ಯೋಚಿಸಿ. ಕಂಕುಳ ಕಡೆ ಎಳೆದ್ರೆ ಕೆಲಸ ಕತ್ತಿಗೆ ಹೋಗುತ್ತೆ. ಮೇಲೆ ಒಂದು ಕ್ಷಣ ನಿಲ್ಲಿಸಿ, 3 ಸೆಕೆಂಡ್ ತಗೊಂಡು ಇಳಿಸಿ. 10ರಿಂದ 12 ಸಲ, 3 ಸೆಟ್ (ಸುತ್ತು), ವಾರಕ್ಕೆ 2 ದಿನ. 5 ಕೆ.ಜಿ. ಬೇಗ ಹಗುರ ಆಗುತ್ತೆ. ಹಿಡಿ ಇರೋ ಖಾಲಿ ಎಣ್ಣೆ ಕ್ಯಾನ್ ತಗೊಳ್ಳಿ: 1 ಲೀಟರ್ ನೀರು 1 ಕೆ.ಜಿ. ತೂಗುತ್ತೆ. ಅರ್ಧ ತುಂಬಿದ ನೀರು ಅಲುಗಾಡಿ ಕೈ ತಿರುಗಿಸುತ್ತೆ, ಅದಕ್ಕೆ ಒಣ ಮರಳು ಮೇಲು. 5 ಲೀಟರ್ ಮರಳು ಸುಮಾರು 8 ಕೆ.ಜಿ. ತೂಗುತ್ತೆ. 12 ಸಲ ಸಲೀಸಾದ್ರೆ ಒಂದು ಕೆ.ಜಿ. ಸೇರಿಸಿ.

ಪುಲ್‌ಅಪ್‌ಗೆ ಬಾರ್ ಹಿಡಿದು 20 ಸೆಕೆಂಡ್ ಜೋತುಬೀಳಿ. ಆಮೇಲೆ ಮೊಣಕೈ ಮಡಚದೆ, ಹೆಗಲ ಹಲಗೆ ಮೂಳೆಗಳನ್ನ ಕೆಳಗೆಳೆದು ಮೈ ಒಂದೆರಡು ಇಂಚು ಮೇಲೇರಿಸಿ, 8 ಸಲ. ಇದು ಬಂದ ಮೇಲೆ ಸ್ಟೂಲ್ ಮೇಲೆ ನಿಂತು ಗಲ್ಲ ಬಾರ್ ಮೇಲಿಟ್ಟು, 5 ಸೆಕೆಂಡಿನಲ್ಲಿ ಇಳಿಯೋದು: 4 ಸಲ, 3 ಸೆಟ್. ಇದು ಮೈ ಬಹಳ ನೋಯಿಸುತ್ತೆ, ದಿನಾ ಮಾಡ್ಬೇಡಿ. ಕೊನೇ ಸಲ ಕಲ್ಲು ಬಿದ್ದಂಗೆ ಇಳಿದ್ರೆ ಸೆಟ್ ಅಲ್ಲಿಗೇ ಮುಗೀತು.

ಪ್ರಶ್ನೆ (ಅದೇ ಸದಸ್ಯ): ರೋ ಮಾಡಿದ್ರೆ ಬೆನ್ನಿಗಿಂತ ಸೊಂಟ ಹಿಡಿಯುತ್ತಲ್ಲ ಸರ್?

ಉತ್ತರ: ಎರಡೂ ಕೈಯಲ್ಲಿ ಬಾಗಿ ಮಾಡ್ತಿದ್ರೆ ಹಾಗಾಗುತ್ತೆ. ಬೆನ್ನು ಗೂನಾಗುತ್ತೆ, ಭಾರವನ್ನ ಸೊಂಟ ಹೊರುತ್ತೆ. ಒಂದು ಕೈ ಊರಿದ್ರೆ ಅರ್ಧ ಸಮಸ್ಯೆ ಹೋಯ್ತು. ಮೈ ತಿರುಗಿಸಿ ಎಳೀತಿದ್ರೆ ತೂಕ ಜಾಸ್ತಿ ಆಗಿದೆ.

ಪ್ರಶ್ನೆ (ವಿದ್ಯಾನಗರ): ಮೇಡಂ, ನನಗೆ 41. ತೂಕ ಎತ್ತಿದ್ರೆ ರಟ್ಟೆ ದಪ್ಪ ಆಗುತ್ತಾ? ಬರೀ 1 ಕೆ.ಜಿ.ದು ಸಾಕಾ?

ಉತ್ತರ (ಮಹಿಳಾ ತರಬೇತುದಾರರು): ಅಕ್ಕ, ಹಾಗೆ ಸುಮ್ಮನೆ ದಪ್ಪ ಆಗಲ್ಲ. ತಿಂಗಳುಗಟ್ಟಲೆ ದುಡಿದವರಿಗೂ ಸ್ನಾಯು ನಿಧಾನಕ್ಕೇ ಬರೋದು. 1 ಕೆ.ಜಿ. ಬಹಳ ಕಮ್ಮಿ, ತುಂಬಿದ ಬಿಂದಿಗೆ ಅದಕ್ಕಿಂತ ಎಷ್ಟೋ ಭಾರ. ಕೊನೇ 2 ಸಲ ಕಷ್ಟ ಆಗೋಷ್ಟು ತೂಕ ತಗೊಳ್ಳಿ. ರೋ ಜೊತೆಗೆ ಗೋಡೆಗೆ ಕೈ ಕೊಟ್ಟು ನೂಕೋ ಪುಷ್‌ಅಪ್ 10 ಸಲ, 2 ಸೆಟ್. ಊಟದಲ್ಲಿ ಪ್ರೋಟೀನ್ ನೋಡ್ಕೊಳ್ಳಿ: ಮೊಟ್ಟೆ ಒಂದಕ್ಕೆ ಸುಮಾರು 6 ಗ್ರಾಂ, ಶೇಂಗಾ 100 ಗ್ರಾಂಗೆ ಸುಮಾರು 25 ಗ್ರಾಂ. ಬರೀ ಮಂಡಕ್ಕಿಯಿಂದ ಪ್ರೋಟೀನ್ ಹೆಚ್ಚು ಸಿಗಲ್ಲ, ಶೇಂಗಾ ಹಾಕಿದ್ರೆ ಒಂದಿಷ್ಟು ಸಿಗುತ್ತೆ. ಮಿರ್ಚಿ ನಿಮ್ಮ ಇಷ್ಟ.

ಪ್ರಶ್ನೆ (ಹರಿಹರ): ಡಂಬೆಲ್ ಕರ್ಲ್ (ಮೊಣಕೈ ಮಡಚಿ ತೂಕ ಎತ್ತೋದು) ಮಾಡಿದ ಮೇಲೆ ಮೊಣಕೈ ಹೊರಗಡೆ ನೋವು. ಬೈಕ್ ಹ್ಯಾಂಡಲ್ ಹಿಡಿದ್ರೂ ನೋವು.

ಉತ್ತರ (ಫಿಸಿಯೋಥೆರಪಿಸ್ಟ್): ಟೆನಿಸ್ ಎಲ್ಬೋ ಇರಬಹುದು. ಬಿಗಿ ಹಿಡಿತದಿಂದ ಮುಂಗೈ ಸ್ನಾಯುವಿನ ಕಟ್ಟು ಸವೆದು ಬರುತ್ತೆ. ಕರ್ಲ್ ಅನ್ನ 2 ವಾರ ಬಿಡಿ, ರೋ ಮಾಡ್ತಾ ಇದ್ರೆ ರಟ್ಟೆ ಮುಂದಿನ ಬೈಸೆಪ್ಸ್‌ಗೆ ಕೆಲಸ ಹೇಗೂ ಸಿಗುತ್ತೆ. ಮುಂಗೈಯನ್ನ ಮೇಜಿನ ಅಂಚಿಗಿಟ್ಟು, ಅಂಗೈ ಕೆಳಮುಖ, 1 ಕೆ.ಜಿ. ಹಿಡಿದು, ಇನ್ನೊಂದು ಕೈಯಿಂದ ಮೇಲೆತ್ತಿ, ನೋಯುವ ಕೈಯಿಂದ ನಿಧಾನಕ್ಕೆ ಇಳಿಸಿ. 15 ಸಲ, 3 ಸೆಟ್. ಹತ್ತಕ್ಕೆ ಮೂರರಷ್ಟು ನೋವು ಪರವಾಗಿಲ್ಲ, ಮರುದಿನವೂ ಜಾಸ್ತಿ ಇದ್ರೆ ತೂಕ ಇಳಿಸಿ. ಮತ್ತೆ ಕರ್ಲ್ ಶುರು ಮಾಡುವಾಗ ಹೆಬ್ಬೆರಳು ಮೇಲಿರೋ ಹಾಗೆ, ಸುತ್ತಿಗೆ ಹಿಡಿತದಲ್ಲಿ ಮಾಡಿ. ಸೊಂಟ ಹಿಂದೆ ತೂಗಿ ಎತ್ತಬೇಡಿ. ಕಿರುಬೆರಳು, ಉಂಗುರ ಬೆರಳಿಗೆ ಜೋಮು ಬಂದ್ರೆ ಅದು ನರದ ವಿಷಯ. ವ್ಯಾಯಾಮ ನಿಲ್ಲಿಸಿ, ಡಾಕ್ಟರ್ ಹತ್ರ ತೋರಿಸಿ.