ಆಕ್ಟೇವಿಯಾ ಆರ್‌ಎಸ್: ಬೆಟ್ಟ ಹತ್ತುವಾಗ ಬಿಸಿ ಏರುತ್ತಿದೆ, ಯಾವ ಕೂಲಂಟ್ ಹಾಕಿಸಲಿ?

ಪ್ರಶ್ನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2 ಲೀಟರ್ ಟರ್ಬೊ ಪೆಟ್ರೋಲ್. ಮಂಡ್ಯ ದಾಟಿ ಬೆಂಗಳೂರಿಗೆ ಹೋದರೂ ಎಂಜಿನ್ ಬಿಸಿ ತೋರಿಸುವ ಸೂಜಿ 90 ಡಿಗ್ರಿಯಲ್ಲೇ ಇರುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ, ಅದೂ ಭಾನುವಾರ ಬಸ್ಸುಗಳ ಹಿಂದೆ ಸಿಕ್ಕಿಕೊಂಡರೆ, 90 ದಾಟಿ ಮೇಲೆ ಹೋಗುತ್ತಿದೆ. ಎರಡು ಸಲ ಪಕ್ಕಕ್ಕೆ ನಿಲ್ಲಿಸಿದೆ.

ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ ಹೋಸ್ ಬದಲಿಸಿದರು. ಆಗ ಹಸಿರು ಕೂಲಂಟ್ (ಎಂಜಿನ್ ತಣಿಸುವ ದ್ರವ) ಸ್ವಲ್ಪ, ಬೋರ್‌ವೆಲ್ ನೀರು ಸ್ವಲ್ಪ ತುಂಬಿದ್ದಾರೆ. ಮೊದಲು ಇದ್ದದ್ದು ನೇರಳೆ ಬಣ್ಣದ್ದು. ಈಗ ಟ್ಯಾಂಕಿನೊಳಗೆ ಕಂದು ಕೆಸರು ಕಾಣುತ್ತಿದೆ. ಒಬ್ಬರು ರೇಸಿಂಗ್ ಕೂಲಂಟ್ ಹಾಕಿಸಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ (ಮಂಡ್ಯ)

ಮೊದಲು ಬೆಟ್ಟಕ್ಕೆ ಹೋಗುವುದನ್ನು ನಿಲ್ಲಿಸಿ ಸಾರ್. ಈ ಕಾರುಗಳಲ್ಲಿ ಬಿಸಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಸೂಜಿ 90ರಲ್ಲೇ ಕೂತಿರುತ್ತದೆ. ಅದು ಅಲುಗಿದೆ ಅಂದರೆ ನಿಜವಾಗಲೂ ಜಾಸ್ತಿ ಬಿಸಿಯಾಗಿದೆ.

ಮೂರು ವಿಷಯ ಹೇಳಿ. ಫ್ಯಾನ್ ಜೋರಾಗಿ ತಿರುಗುತ್ತಾ? ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಏನಾದರೂ ಇದೆಯಾ? ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಾ? ಕೂಲಂಟ್ ಟ್ಯಾಂಕಿನ ಮುಚ್ಚಳ ಮಾತ್ರ ಬಿಸಿಯಿರುವಾಗ ತೆಗೆಯಬೇಡಿ, ಮುಖಕ್ಕೇ ಚಿಮ್ಮುತ್ತದೆ.

ಪ್ರಶ್ನೆ ಕೇಳಿದವರು

ಫ್ಯಾನ್ ಚೆನ್ನಾಗಿ ತಿರುಗುತ್ತಿದೆ. ಆಯಿಲ್ ಮುಚ್ಚಳ ಶುಭ್ರವಾಗಿದೆ. ಹೊಗೆ ಇಲ್ಲ. ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿದೆ, ಎಣ್ಣೆಯ ಜಿಡ್ಡಿಲ್ಲ. ಮರಳಿನ ಹಾಗೆ ತರಿತರಿ ಇದೆ.

ಉತ್ತರ (ಮಂಡ್ಯ)

ಸಮಾಧಾನ ಆಯಿತು. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನೊಳಗೆ ಆಯಿಲ್, ಕೂಲಂಟ್ ಬೆರೆಯದಂತೆ ತಡೆಯುವ ಸೀಲು) ಹೋಗಿರುವ ಲಕ್ಷಣ ಕಾಣುತ್ತಿಲ್ಲ. ನನ್ನ ಅನುಮಾನ ಪೂರ್ತಿ ಆ ಹಸಿರು ಕೂಲಂಟ್ ಮತ್ತು ಬೋರ್ ನೀರಿನ ಮೇಲೆ.

ನಮ್ಮ ಕಡೆ ಬೋರ್ ನೀರು ಗಡಸು. ಸ್ನಾನದ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಹಸಿರು ಕೂಲಂಟಿನಲ್ಲಿ ಫಾಸ್ಫೇಟ್ ಇದ್ದರೆ, ನೀರಿನ ಕ್ಯಾಲ್ಸಿಯಂ ಅದರ ಜೊತೆ ಸೇರಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ನೇರಳೆ ಕೂಲಂಟಿನ ತುಕ್ಕು ತಡೆಯುವ ರಾಸಾಯನಿಕಗಳೇ ಬೇರೆ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಬಣ್ಣ ನೋಡಿ ಕೂಲಂಟ್ ತರಬೇಡಿ. ಬಣ್ಣ ಅಂದರೆ ಕಂಪನಿಯವರು ಹಾಕುವ ಡೈ ಅಷ್ಟೇ. ಒಂದೇ ಗುಲಾಬಿ ಬಣ್ಣದಲ್ಲಿ ಮೂರು ತರಹದ್ದು ಸಿಗುತ್ತದೆ. ಡಬ್ಬಿಯ ಹಿಂದೆ ಬರೆದಿರುವ ಸಂಖ್ಯೆ ಓದಿ. ನಿಮ್ಮ ಕಾರಿನ ಕಾಲದ್ದು ಜಿ13 ಅನ್ನುವ ಕೂಲಂಟ್, ಕಂಪನಿಯ ಮಾನದಂಡದ ಸಂಖ್ಯೆ ಟಿಎಲ್ 774 ಜೆ. ಈಗ ಅದರ ಜಾಗಕ್ಕೆ ಜಿ12 ಇವೊ ಬಂದಿದೆ, ಟಿಎಲ್ 774 ಎಲ್. ಅದನ್ನೇ ತನ್ನಿ.

ರೇಸಿಂಗ್ ಕೂಲಂಟ್ ಬೇಡ. ರೇಸ್ ಟ್ರ್ಯಾಕಿನಲ್ಲಿ ಗ್ಲೈಕಾಲ್ (ಮಾಮೂಲಿ ಕೂಲಂಟಿನ ಮುಖ್ಯ ದ್ರವ) ಚೆಲ್ಲಿದರೆ ರಸ್ತೆ ಜಾರುತ್ತದೆ ಅಂತ ಎಷ್ಟೋ ಕಡೆ ನಿಷೇಧ ಇದೆ. ಅದಕ್ಕೆ ಅವರು ನೀರಿಗೆ ಬೇರೆ ದ್ರಾವಣ ಬೆರೆಸುತ್ತಾರೆ. ನೀರು ಬಿಸಿಯನ್ನು ಚೆನ್ನಾಗಿ ಹೊರುತ್ತದೆ, ನಿಜ. ಆದರೆ ಮೈಸೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಅರ್ಧಕ್ಕರ್ಧ ಕೂಲಂಟ್ ಬೆರೆಸಿ, ಮುಚ್ಚಳದ ಒತ್ತಡವೂ ಸೇರಿದರೆ ಕುದಿಯುವ ಬಿಂದು ಸುಮಾರು 130ರ ಹತ್ತಿರ ಹೋಗುತ್ತದೆ. ಟರ್ಬೊ ಗಾಡಿಗೆ ಆ ಅಂತರ ಬೇಕು. ನಮ್ಮಲ್ಲಿ ಹಿಮ ಬೀಳಲ್ಲ, ನೀರು ಹೆಪ್ಪುಗಟ್ಟಲ್ಲ, ಕೂಲಂಟ್ ಕಡಿಮೆ ಸಾಕು ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಶೇಕಡಾ 40ಕ್ಕಿಂತ ಇಳಿದರೆ ತುಕ್ಕಿನಿಂದ ರಕ್ಷಣೆ ಸಿಗಲ್ಲ.

ಈಗಿರುವುದನ್ನು ಪೂರ್ತಿ ಖಾಲಿ ಮಾಡಿಸಿ. ಡಿಸ್ಟಿಲ್ಡ್ ವಾಟರ್ ತುಂಬಿ, ಎಂಜಿನ್ ಬಿಸಿ ಮಾಡಿ, ತಣಿದ ಮೇಲೆ ಮತ್ತೆ ಖಾಲಿ ಮಾಡಿಸಿ. ನೀರು ತಿಳಿಯಾಗಿ ಬರುವ ತನಕ ಹೀಗೇ. ಆಮೇಲೆ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ವ್ಯಾಕ್ಯೂಮ್ ಯಂತ್ರದಲ್ಲಿ ತುಂಬುವವರ ಹತ್ತಿರವೇ ಹೋಗಿ, ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಹಾಗೇ ವಾಟರ್ ಪಂಪಿನ ಸುತ್ತ ಒಣಗಿದ ಕಲೆ ಇದೆಯಾ ಅಂತ ನೋಡಿಸಿ.

ಇನ್ನೊಬ್ಬರು (ಶ್ರೀರಂಗಪಟ್ಟಣ)

ತೆಗೆದ ಕೂಲಂಟನ್ನು ದಯವಿಟ್ಟು ಚರಂಡಿಗೆ ಬಿಡಿಸಬೇಡಿ. ಅದು ಸಿಹಿಯಾಗಿರುತ್ತದೆ, ಬೀದಿ ನಾಯಿಗಳು ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹೋಗುತ್ತದೆ. ಕ್ಯಾನಿಗೆ ತುಂಬಿಸಿ, ಹಳೇ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿನಲ್ಲಿ ತಗೊಳ್ತಾರಾ ಕೇಳಿ.

ಪ್ರಶ್ನೆ ಕೇಳಿದವರು

ಕೆಲಸ ಆಯಿತು. ನಾಲ್ಕು ಸಲ ತೊಳೆದ ಮೇಲೆ ನೀರು ತಿಳಿಯಾಯಿತು. ಮೊದಲ ಸಲ ಬಂದದ್ದು ಟೀ ಬಣ್ಣದ್ದು. ಪಂಪ್ ಸೋರುತ್ತಿಲ್ಲ. ಈ ಭಾನುವಾರ ಬಸ್ಸಿನ ಹಿಂದೆಯೇ ಬೆಟ್ಟ ಹತ್ತಿದೆ, ಸೂಜಿ ಅಲುಗಲಿಲ್ಲ. ತುಂಬಾ ಉಪಕಾರ ಆಯಿತು ಅಣ್ಣ.

ಉತ್ತರ (ಮಂಡ್ಯ)

ಖುಷಿಯಾಯಿತು ಸಾರ್. ಒಂದು ವಾರ ದಿನಾ ಬೆಳಗ್ಗೆ, ಗಾಡಿ ತಣ್ಣಗಿರುವಾಗ ಮಟ್ಟ ನೋಡಿ. ಒಂದು ಸಲ ಸ್ವಲ್ಪ ಇಳಿದರೆ ಒಳಗಿದ್ದ ಗಾಳಿ ಹೊರಬಂದಿದೆ ಅಷ್ಟೇ. ಅದೇ ಮಿಶ್ರಣ ಹಾಕಿ. ಮತ್ತೆ ಮತ್ತೆ ಇಳಿದರೆ ಇಲ್ಲೇ ಬರೆಯಿರಿ.