ಎಕ್ಸ್-ರೇ ಇಲ್ಲದೆ ಮಕ್ಕಳ ಬೆನ್ನೆಲುಬಿನ ಬಾಗನ್ನು ಅಳೆಯಬಹುದೇ?

ಒಬ್ಬ ತಾಯಿಯ ಪ್ರಶ್ನೆ:

ನನ್ನ ಮಗಳಿಗೆ ಹನ್ನೆರಡು ವರ್ಷ. ಅವಳ ಬಲ ಭುಜ ಎಡ ಭುಜಕ್ಕಿಂತ ಮೇಲಿರುವುದನ್ನು ಗಮನಿಸಿ ಮೂಳೆ ತಜ್ಞರಿಗೆ ತೋರಿಸಿದಾಗ ಸ್ಕೋಲಿಯೋಸಿಸ್, ಅಂದರೆ ಬೆನ್ನೆಲುಬು ಪಕ್ಕಕ್ಕೆ ಬಾಗಿರುವ ತೊಂದರೆ ಎಂದರು. ಎಕ್ಸ್-ರೇಯಲ್ಲಿ ಬಾಗು 18 ಡಿಗ್ರಿ ಇದೆ. ಬೆಳವಣಿಗೆ ಮುಗಿಯುವವರೆಗೆ ಆರು ತಿಂಗಳಿಗೊಮ್ಮೆ ಎಕ್ಸ್-ರೇ ತೆಗೆಸುತ್ತಿರಬೇಕಂತೆ. ಅಷ್ಟೊಂದು ವಿಕಿರಣ ಮಗುವಿನ ಮೈಗೆ ಬೀಳುವುದನ್ನು ನೆನೆದರೆ ಭಯವಾಗುತ್ತದೆ. ಬೇರೆ ವಿಧಾನದಿಂದ ಅಳತೆ ಮಾಡಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ಇದೇ ತೊಂದರೆಯಿರುವ ಹುಡುಗಿಯ ತಂದೆಯ ಉತ್ತರ:

ಮೇಡಂ, ನಿಮ್ಮ ಆತಂಕಕ್ಕೆ ಕಾರಣವಿದೆ. 1912ರಿಂದ 1965ರ ನಡುವೆ ಈ ತೊಂದರೆ ಪತ್ತೆಯಾಗಿದ್ದ ಐದೂವರೆ ಸಾವಿರಕ್ಕೂ ಹೆಚ್ಚು ಅಮೆರಿಕದ ಮಹಿಳೆಯರ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಸರಾಸರಿ ಇಪ್ಪತ್ತೈದರಷ್ಟು ಎಕ್ಸ್-ರೇ ತೆಗೆಸಿಕೊಂಡಿದ್ದ ಅವರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರ ಪ್ರಮಾಣ ಸಾಮಾನ್ಯ ಜನರಲ್ಲಿ ಇರುವುದರ ಸುಮಾರು 1.7 ಪಟ್ಟು ಇತ್ತು. ಆದರೆ ಇಂದಿನ ಡಿಜಿಟಲ್ ಯಂತ್ರಗಳ ವಿಕಿರಣ ಆ ಕಾಲದ್ದಕ್ಕಿಂತ ಬಹಳ ಕಡಿಮೆ ಎಂಬುದೂ ಅಷ್ಟೇ ನಿಜ.

ನಮಗೆ ನೆರವಾದದ್ದು ಸ್ಕೋಲಿಯೋಮೀಟರ್ ಎಂಬ ಅಳತೆಯ ಸಾಧನ. ಮಗು ಪಾದ ಜೋಡಿಸಿ, ಮಂಡಿ ಮಡಿಸದೆ, ಅಂಗೈಗಳನ್ನು ಕೂಡಿಸಿ ಮುಂದಕ್ಕೆ ಬಾಗಿದಾಗ ಬೆನ್ನಿನ ಒಂದು ಬದಿ ಉಬ್ಬಿ ಕಾಣುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಪರೀಕ್ಷೆ ಇದು. ಆ ಉಬ್ಬಿನ ಮೇಲೆ ಗಾರೆಯವರ ರಸಮಟ್ಟದಂಥ ಈ ಸಾಧನವನ್ನು ಅಡ್ಡಲಾಗಿ ಇಟ್ಟರೆ ಬೆನ್ನು ಎಷ್ಟು ಡಿಗ್ರಿ ಓರೆಯಾಗಿದೆ ಎಂಬುದನ್ನು ಒಳಗಿನ ಗುಂಡು ತೋರಿಸುತ್ತದೆ. ಈ ಅಂಕಿ ಎಕ್ಸ್-ರೇಯ ಅಂಕಿಯಲ್ಲ ಎಂಬುದನ್ನು ನಮ್ಮ ವೈದ್ಯರು ಮೊದಲೇ ಬಿಡಿಸಿ ಹೇಳಿದ್ದರು. ಎಕ್ಸ್-ರೇಯಲ್ಲಿ ಅಳೆಯುವ ಕಾಬ್ ಕೋನವು ಬೆನ್ನೆಲುಬು ಪಕ್ಕಕ್ಕೆ ಎಷ್ಟು ವಾಲಿದೆ ಎಂಬುದನ್ನು ಹೇಳುತ್ತದೆ, ಸ್ಕೋಲಿಯೋಮೀಟರ್ ಮುಂಡ ಎಷ್ಟು ತಿರುಚಿಕೊಂಡಿದೆ ಎಂಬುದನ್ನು ಹೇಳುತ್ತದೆ. ಸಾಧನ 7 ಡಿಗ್ರಿ ತೋರಿಸಿದಲ್ಲಿ ಕಾಬ್ ಕೋನ ಸರಾಸರಿ 20ರ ಆಸುಪಾಸು ಇರುತ್ತದೆನ್ನುತ್ತಾರಾದರೂ ಒಂದೊಂದು ಮಗುವಿನಲ್ಲಿ ಈ ಲೆಕ್ಕ ಬಹಳ ಹೆಚ್ಚುಕಡಿಮೆಯಾಗುವುದರಿಂದ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಿಕೊಂಡು ಸಮಾಧಾನಪಡುವುದಾಗಲಿ ಗಾಬರಿಯಾಗುವುದಾಗಲಿ ಬೇಡ.

ಸಾಧನದ ಅಂಕಿ ಏರದಿರುವವರೆಗೆ ಎರಡು ಎಕ್ಸ್-ರೇಗಳ ನಡುವಿನ ಅಂತರವನ್ನು ಹೆಚ್ಚಿಸಲು ನಮ್ಮ ವೈದ್ಯರು ಒಪ್ಪಿದರು. ಮಗಳು ಭರದಿಂದ ಎತ್ತರ ಬೆಳೆಯುತ್ತಿದ್ದ ಅವಧಿಯಲ್ಲಿ ಮಾತ್ರ ಒಪ್ಪಲಿಲ್ಲ. ಬಾಗು ವೇಗವಾಗಿ ಹೆಚ್ಚುವುದು ಆಗಲೇ ಆದ್ದರಿಂದ ಅದು ಸರಿಯಾದ ನಿರ್ಧಾರವೆಂದೇ ನಾನು ನಂಬಿದ್ದೇನೆ.

ಜರ್ಮನಿಯಲ್ಲಿ ನೆಲೆಸಿರುವ ಕನ್ನಡತಿಯೊಬ್ಬರ ಉತ್ತರ:

ನನ್ನ ಮಗನ ಬೆನ್ನನ್ನು ಇಲ್ಲಿ ಬೆಳಕಿನಿಂದ ಅಳೆಯುತ್ತಾರೆ. ಬರಿ ಬೆನ್ನಿನ ಮೇಲೆ ಬೆಳಕಿನ ಗೆರೆಗಳನ್ನು ಹಾಯಿಸಿ, ಅವು ಹೇಗೆ ಡೊಂಕಾಗುತ್ತವೆ ಎಂಬುದನ್ನು ಕ್ಯಾಮೆರಾದಲ್ಲಿ ಹಿಡಿದು, ಕಂಪ್ಯೂಟರ್ ಬೆನ್ನಿನ ಮೂರು ಆಯಾಮದ ಆಕಾರವನ್ನು ಕಟ್ಟಿಕೊಡುತ್ತದೆ. ಇಲ್ಲಿನ ಮ್ಯೂನ್‌ಸ್ಟರ್ ನಗರದ ಸಂಶೋಧಕರು 1980ರ ದಶಕದಲ್ಲಿ ಬೆಳೆಸಿದ ವಿಧಾನವಿದು. ಎಷ್ಟು ಸಲ ತೆಗೆದರೂ ಮಗುವಿಗೆ ಹಾನಿಯಿಲ್ಲ. ಆದರೆ ಅದು ನೋಡುವುದು ಚರ್ಮದ ಮೇಲ್ಮೈಯನ್ನು, ಮೂಳೆಯ ಸ್ಥಾನವನ್ನು ಅದರಿಂದ ಊಹಿಸುತ್ತದೆ. ಹಾಂಗ್‌ಕಾಂಗ್‌ನಲ್ಲಿ ರೂಪಿಸಿದ ಅಲ್ಟ್ರಾಸೌಂಡ್ ಯಂತ್ರವೊಂದು ಮೂಳೆಯ ಗುರುತುಗಳನ್ನೇ ನೇರವಾಗಿ ಹಿಡಿಯುತ್ತದೆ. ಅದನ್ನು ನಾವು ಮಾಡಿಸಿಲ್ಲ.

ಫಿಸಿಯೋಥೆರಪಿಸ್ಟ್ ಒಬ್ಬರ ಉತ್ತರ:

ಮೇಲಿನ ಇಬ್ಬರ ಮಾತಿಗೂ ಒಂದು ಕಾರಣವನ್ನು ಸೇರಿಸಬೇಕೆನಿಸುತ್ತದೆ. ಬೆನ್ನೆಲುಬು ಬಾಗುವಾಗ ತಿರುಚಿಕೊಳ್ಳುವುದೂ ಇದೆಯಷ್ಟೆ. ಆಗ ಚರ್ಮದಡಿ ಕೈಗೆ ಸಿಗುವ ಮೂಳೆಯ ಮುಳ್ಳುಗಳು ಬಾಗಿನ ಒಳಬದಿಗೆ ಹೊರಳುತ್ತವೆ. ಹಾಗಾಗಿ ಆ ಮುಳ್ಳುಗಳ ಸಾಲನ್ನು ಹಿಡಿದು ಅಳೆದರೆ ನಿಜವಾದ ಬಾಗಿಗಿಂತ ಕಡಿಮೆಯೇ ಸಿಗುತ್ತದೆ. ಮೈತುಂಬಿಕೊಂಡ ಮಕ್ಕಳಲ್ಲಿ ಕೊಬ್ಬಿನ ಪದರವೂ ಉಬ್ಬನ್ನು ಮರೆಮಾಡುತ್ತದೆ.

ಅಳೆಯುವವರು ಪ್ರತಿ ಸಲವೂ ಒಬ್ಬರೇ ಆಗಿರಲಿ. ಎದೆಯ ಭಾಗವನ್ನೂ ಸೊಂಟದ ಭಾಗವನ್ನೂ ಬೇರೆ ಬೇರೆಯಾಗಿ ಬರೆದಿಡಿ. ಒಂದು ಕಾಲು ಗಿಡ್ಡವಿದ್ದರೆ ನಿಂತಾಗ ಸುಳ್ಳು ಓರೆ ಕಾಣಬಹುದು. ಅಂಥ ಮಗುವನ್ನು ಕೂರಿಸಿ ಬಾಗಿಸಿದರೆ ಆ ಅನುಮಾನ ತೀರುತ್ತದೆ. ಮೊಬೈಲ್ ಆ್ಯಪ್ ಬಳಸುವುದಾದರೆ ಫೋನಿನ ಅಂಚು ಮೂಳೆಯ ಮುಳ್ಳಿಗೆ ತಾಗದಂತೆ ನಡುವೆ ಕಚ್ಚು (ಸಣ್ಣ ತಗ್ಗು) ಇರುವ ಹಿಡಿಕೆಯಲ್ಲಿ ಕೂರಿಸಿಕೊಳ್ಳಬೇಕು. ಒಂದೆರಡು ಡಿಗ್ರಿಯ ವ್ಯತ್ಯಾಸ ಅಳತೆಯಿಂದಲೇ ಬಂದಿರಬಹುದು, ಅದಕ್ಕಾಗಿ ನಿದ್ದೆಗೆಡಬೇಡಿ. ಎಕ್ಸ್-ರೇಯ ಕಾಬ್ ಕೋನದಲ್ಲೂ 5 ಡಿಗ್ರಿಯಷ್ಟು ವ್ಯತ್ಯಾಸ ಸಹಜ.

ಆದರೆ ಅಂಕಿ ಒಂದೇ ಸಮನೆ ಏರುತ್ತಿದ್ದರೆ ಎಕ್ಸ್-ರೇಯನ್ನು ಮುಂದೂಡಲೇಬೇಡಿ. ಬೆಳೆಯುವ ಮಗುವಿಗೆ 25ರಿಂದ 40 ಡಿಗ್ರಿಯ ನಡುವೆ ಬ್ರೇಸ್ (ಬೆನ್ನನ್ನು ಹಿಡಿದಿಡುವ ಕವಚ) ಹಾಕಿಸಬೇಕೇ ಎಂಬುದನ್ನು ಕಾಬ್ ಕೋನ ನೋಡಿಯೇ ತೀರ್ಮಾನಿಸುತ್ತಾರೆ. 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಬ್ರೇಸ್ ತೊಟ್ಟವರಲ್ಲಿ ನೂರಕ್ಕೆ 72 ಮಂದಿಯ ಬಾಗು ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟಲಿಲ್ಲ. ತೊಡದವರಲ್ಲಿ ಹಾಗೆ ಉಳಿದವರು 48 ಮಂದಿ. ಆ ಅವಕಾಶ ಬೆಳವಣಿಗೆ ನಿಂತ ಮೇಲೆ ಸಿಗುವುದಿಲ್ಲ. ತೆಗೆಸುವಾಗ ಕಿರಣ ಬೆನ್ನಿನ ಕಡೆಯಿಂದ ಹಾಯುವಂತೆ, ಅಂದರೆ ಮಗುವಿನ ಎದೆ ಚಿತ್ರ ಹಿಡಿಯುವ ಫಲಕದ ಕಡೆಗಿರುವಂತೆ ನಿಲ್ಲಿಸಲು ಕೇಳಿಕೊಳ್ಳಿ. ಸ್ತನಕ್ಕೆ ತಗಲುವ ವಿಕಿರಣ ಅಷ್ಟರಿಂದಲೇ ಬಹಳ ತಗ್ಗುತ್ತದೆ. ಪಕ್ಕದಿಂದ ತೆಗೆಯುವ ಚಿತ್ರ ಪ್ರತಿ ಭೇಟಿಯಲ್ಲೂ ಬೇಕೇ ಎಂದೂ ವೈದ್ಯರನ್ನು ವಿಚಾರಿಸಿ.