ಅಪ್‌ಡೇಟ್: ಹಳೇ ಮೌಂಟೇನ್ ಬೈಕಿಗೆ ಕೊನೆಗೂ ಎಷ್ಟು ಖರ್ಚಾಯಿತು

ತೀರ್ಥಹಳ್ಳಿಯ ಮಾವನ ಮನೆಯ ಅಟ್ಟದಿಂದ ತಂದ 90ರ ದಶಕದ ಸ್ಟೀಲ್ ಮೌಂಟೇನ್ ಬೈಕನ್ನು ಸರಿಮಾಡಿಸಲು ಎಷ್ಟು ಬೇಕು ಎಂದು ಕೇಳಿದ್ದೆ. ಹತ್ತು ಸಾವಿರ ಎಂದವರೇ ಜಾಸ್ತಿ. ಹನ್ನೊಂದೂವರೆ ಸಾವಿರ ಆಯಿತು.

26 ಇಂಚಿನ ಟೈರು, ಟ್ಯೂಬು, ಚೈನು, ಕೇಬಲ್ ಎಲ್ಲ ಶಿವಮೊಗ್ಗದಲ್ಲೇ ಸಿಕ್ಕವು. ಕಾಡಿದ್ದು ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ. ಅದು ಅಲ್ಯೂಮಿನಿಯಂ, ಫ್ರೇಮ್ ಸ್ಟೀಲ್. ಎರಡರ ನಡುವೆ ನೀರು ಇಳಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕಾ? ತುಕ್ಕು ಬಿಡಿಸುವ ಎಣ್ಣೆ ಹಾಕಿ ಹಾಕಿ ಕಾದೆ, ಅಲ್ಲಾಡಲಿಲ್ಲ. ಕೊನೆಗೆ ಲೇತ್ ಅಂಗಡಿಯವರು ಕೊರೆದು ತೆಗೆದರು. ಫ್ರೇಮಿಗೆ ಒಂದು ಗೀರೂ ಬೀಳಲಿಲ್ಲ, ಅವರ ಕೈಗೆ ನಮಸ್ಕಾರ. ಆ ಕೂಲಿ, ಹೊಸ ಪೋಸ್ಟ್ ಸೇರಿ ದೊಡ್ಡ ಖರ್ಚು ಅದೇ. ಹೊಸದನ್ನು ಗ್ರೀಸ್ ಹಚ್ಚಿಯೇ ಇಳಿಸಿದ್ದೇವೆ.

ಇದರಲ್ಲಿರುವುದು ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ಹಳೇ ಕ್ಯಾಂಟಿಲಿವರ್ ಬ್ರೇಕು, ಅದಕ್ಕೆ ನುಣುಪು ಕಡ್ಡಿಯ ಪ್ಯಾಡ್ ಬೇಕು. ಅಂಗಡಿಗಳಲ್ಲಿ ಇರುವುದು ಆಮೇಲೆ ಬಂದ ವಿ-ಬ್ರೇಕಿನ, ಕಡ್ಡಿಗೆ ಥ್ರೆಡ್ (ತಿರುಪಿನ ಗೆರೆ) ಇರುವ ಪ್ಯಾಡ್. ಹೊರಗಿನಿಂದ ತರಿಸಿದೆ. ಪ್ಯಾಡಿಗಿಂತ ಕೊರಿಯರ್ ದುಡ್ಡೇ ಜಾಸ್ತಿ!

ಪೇಂಟ್ ಮಾಡಿಸಲಿಲ್ಲ. ಹಳೇ ಬಣ್ಣ, ಸ್ಟಿಕ್ಕರ್ ಹೋದರೆ ಸೈಕಲ್ಲಿನ ವಯಸ್ಸೇ ಅಳಿಸಿಹೋಗುತ್ತದೆ ಅಲ್ವಾ. ವ್ಯಾಕ್ಸ್ ಉಜ್ಜಿದ್ದು ಸಾಕಾಯಿತು.

ಸಕ್ರೆಬೈಲಿನವರೆಗೆ ಓಡಿಸಿ ಬಂದೆ, ಗೇರು ಚೆನ್ನಾಗಿ ಬೀಳುತ್ತಿದೆ. ಹಳೇ ಸೈಕಲ್ ಕೊಳ್ಳುವವರು ಮೊದಲು ಸೀಟ್ ಪೋಸ್ಟ್ ತಿರುಗುತ್ತದಾ ನೋಡಿ, ಆಮೇಲೆ ದರ ಮಾತಾಡಿ. ಅಂದಹಾಗೆ, ಯಾರ ಹತ್ತಿರವಾದರೂ 7 ಸ್ಪೀಡಿನ ಹಳೇ ಥಂಬ್ ಶಿಫ್ಟರ್ (ಹೆಬ್ಬೆರಳಿನಿಂದ ಗೇರು ಬದಲಿಸುವ ಲಿವರ್) ಇದ್ದರೆ ತಿಳಿಸಿ, ಕೊಳ್ಳುತ್ತೇನೆ.